ಕಿಟಕಿಯ ಹೊರಗಿನ ಹನ್ನೆರಡನೇ ಅಧ್ಯಾಯ

ಸುಂಕಣ್ಣ ಏಳು ವರ್ಷ ಒಂದು ಕಿಟಕಿಯ ಹೊರಗೆ ಕೂತು ತತ್ವಶಾಸ್ತ್ರ ಕಲಿತ. ಒಳಗೆ ಕೂತವರು ಅದೇ ಏಳು ವರ್ಷದಲ್ಲಿ ಏನು ಕಲಿತರು ಎಂದು ಮಾತ್ರ ಕೇಳಬೇಡಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರು, ತೇಗಿದರು, ಮನೆಗೆ ಹೋದರು.

ಕಿಟಕಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ವಕೀಲ ತಿಪ್ಪೇರುದ್ರಪ್ಪನವರ ಮನೆಯದು. ಆ ಮನೆಯ ಮುಂದಿನ ದೊಡ್ಡ ಕೋಣೆಯಲ್ಲಿ ೧೯೪೩ರಿಂದ ಪ್ರತಿ ಭಾನುವಾರ ಬೆಳಿಗ್ಗೆ ‘ತತ್ವವಿಚಾರ ಸಂಘ’ ಸೇರುತ್ತಿತ್ತು. ಅಧ್ಯಕ್ಷರು ವಕೀಲರೇ, ಉಪನ್ಯಾಸಕರೂ ಅವರೇ. ಸದಸ್ಯರೆಂದರೆ ನಾಲ್ಕೈದು ಹತ್ತಿ ವ್ಯಾಪಾರಿಗಳು, ಕೇಸು ಸಿಗದ ಇಬ್ಬರು ವಕೀಲರು, ಮನೆಯಲ್ಲಿ ಯಾರೂ ಮಾತು ಕೇಳದ ಒಬ್ಬ ರಿಟೈರಾದ ತಹಶೀಲ್ದಾರ. ಮದ್ರಾಸಿನಿಂದ ತರಿಸಿದ ಇಂಗ್ಲಿಷ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ವಕೀಲರು ಗ್ರೀಸಿನಿಂದ ಹಿಡಿದು ಇವತ್ತಿನವರೆಗೆ ಲೋಕದ ತತ್ವಜ್ಞಾನಿಗಳು ಏನೇನು ಹೇಳಿದರು ಎಂದು ಕನ್ನಡದಲ್ಲಿ ವಿವರಿಸುವುದು, ಅದನ್ನು ಒಬ್ಬ ಬರೆದುಕೊಳ್ಳುವುದು, ಕೊನೆಗೆ ಅದು ವಕೀಲರ ಹೆಸರಿನಲ್ಲಿ ಪುಸ್ತಕವಾಗುವುದು. ಏರ್ಪಾಡು ಇಷ್ಟೇ.

ಆ ಬರೆದುಕೊಳ್ಳುವವನೇ ಸುಂಕಣ್ಣ. ಕುರುಗೋಡಿನ ಕೇರಿಯವನು. ಬಳ್ಳಾರಿಯ ಪಾದ್ರಿಗಳ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ಕೇರಿಯ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದರೆ ಆ ಕಾಲದಲ್ಲಿ ಹತ್ತು ಜನ ಬಂದು ಬೆನ್ನು ತಟ್ಟುತ್ತಿದ್ದರು. ಹನ್ನೊಂದನೆಯವನು ಕೆಲಸ ಕೊಡಬೇಕು ಎನ್ನುವಾಗ ಎಲ್ಲರಿಗೂ ತುರ್ತು ಕೆಲಸವಿರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ, ಮೇಷ್ಟ್ರ ಕೆಲಸ. ಅದಕ್ಕೆ ಊರಿನ ಗಣ್ಯರೊಬ್ಬರು ಗುಣನಡತೆಯ ಪತ್ರ ಬರೆದುಕೊಡಬೇಕಿತ್ತು. ಗಣ್ಯರೆಂದರೆ ತಿಪ್ಪೇರುದ್ರಪ್ಪನವರು, ಶಾಲೆಗಳ ಮೇಲೆ ಕೈಯಾಡಿಸುವಷ್ಟು ವಜನು ಇದ್ದವರು.

“ಕೊಡ್ತೀನಪ್ಪ, ಅದಕ್ಕೇನು” ಎಂದಿದ್ದರು ಅವರು ಮೊದಲ ದಿನವೇ. “ಪುಸ್ತಕ ಒಂದು ಮುಗೀಲಿ. ಪುಸ್ತಕ ಮುಗಿದ ದಿನ ಪತ್ರ ನಿನ್ನ ಕೈಯಾಗ ಇರ್ತೈತಿ. ಅಲ್ಲಿತನ ಭಾನುವಾರ ಬಂದು ಬರ್ಕೋ. ಅಲ್ಲಿ ಕಿಟಕಿ ಕಡೆ ಪಡಸಾಲ್ಯಾಗ ಕುಂದ್ರು, ನನ್ನ ದನಿ ಚಲೋ ಕೇಳ್ತೈತಿ.”

ದನಿ ಚೆನ್ನಾಗಿಯೇ ಕೇಳುತ್ತಿತ್ತು. ಬಿಸಿಲೂ ಚೆನ್ನಾಗಿ ಬೀಳುತ್ತಿತ್ತು. ಹತ್ತು ಗಂಟೆಗೆ ನೆರಳು ಸರಿದರೆ ಸುಂಕಣ್ಣ ಹಲಗೆ, ಮಸಿಕುಡಿಕೆ ಎತ್ತಿಕೊಂಡು ಗೋಡೆಗೆ ಅಂಟಿ ಕೂರುತ್ತಿದ್ದ. ಒಳಗೆ ವಕೀಲರು ಜಗತ್ತಿನಲ್ಲಿ ಎಲ್ಲವೂ ಒಂದೇ ಎಂದು ಸಾಧಿಸುತ್ತಿದ್ದರು. ಹೊರಗಿನಿಂದ ಬಂದ ದೊಡ್ಡವರಿಗೆ ಸಂಘವನ್ನು ಪರಿಚಯ ಮಾಡಿಸುವಾಗ ಕಿಟಕಿಯ ಕಡೆ ಬೆರಳು ಮಾಡಿ, “ನೋಡ್ರಿ, ನಮ್ಮ ಬರಹಗಾರ ಒಬ್ಬ ಹರಿಜನ” ಎನ್ನುತ್ತಿದ್ದರು. ಬಂದವರು ಕುರ್ಚಿಯಿಂದಲೇ ಕತ್ತು ಚಾಚಿ ನೋಡಿ, ಭೇಷ್ ಎಂದು ಮಿರ್ಚಿಗೆ ಕೈ ಹಾಕುತ್ತಿದ್ದರು.

ಮೊದಮೊದಲು ಸುಂಕಣ್ಣನಿಗೆ ಅವರೆಲ್ಲರ ಮೇಲೆ ಭಕ್ತಿಯೇ ಇತ್ತು. ಭಕ್ತಿ ಹೋಗಲು ಒಂದು ವರ್ಷ ಸಾಕಾಯಿತು. ಒಂದೇ ನದಿಗೆ ಎರಡು ಸಲ ಇಳಿಯಲಾಗದು ಎಂದ ತತ್ವಜ್ಞಾನಿಯ ಪಾಠ ನಡೆದ ದಿನ ಹತ್ತಿ ವ್ಯಾಪಾರಿಯೊಬ್ಬರು, “ನಮ್ಮ ಹಗರಿ ಹೊಳಿಗೆ ಬ್ಯಾಸಿಗ್ಯಾಗ ಒಂದು ಸಲಾನೂ ಇಳಿಯಾಕ ಆಗಂಗಿಲ್ಲ, ನೀರು ಎಲ್ಲೈತಿ” ಎಂದರು. ಇಡೀ ಸಂಘ ನಕ್ಕು ನಕ್ಕು ಸುಸ್ತಾಗಿ ಅಲ್ಲಿಗೇ ಪಾಠ ಮುಗಿಸಿತು. ಆ ತತ್ವಜ್ಞಾನಿಯ ಮಿಕ್ಕ ಮಾತು ಇವತ್ತಿಗೂ ಆ ಕೋಣೆಗೆ ತಿಳಿದಿಲ್ಲ. ಯೋಚಿಸುತ್ತಿರುವುದರಿಂದಲೇ ತಾನು ಇದ್ದೇನೆಂಬ ಖಾತ್ರಿ ಮನುಷ್ಯನಿಗೆ ಸಿಗುತ್ತದೆ ಎಂದ ಫ್ರಾನ್ಸಿನವನ ಪಾಠದ ದಿನ ತಹಶೀಲ್ದಾರರು ಗೊರಕೆ ಹೊಡೆಯುತ್ತಿದ್ದರು. ಆ ಫ್ರಾನ್ಸಿನವನ ಮಾತು ನಿಜವಾದರೆ ಈ ಕೋಣೆಯಲ್ಲಿ ಯಾರೂ ಇಲ್ಲ ಎಂದು ಸುಂಕಣ್ಣ ಕಿಟಕಿಯ ಸರಳುಗಳ ಮಧ್ಯೆ ನೋಡಿ ಅಂದುಕೊಂಡ.

ಉಪನ್ಯಾಸಕ್ಕೆ ಬೇಕಾದ ಭಾಗಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ ತರುವ ಕೆಲಸವೂ ಬರಬರುತ್ತ ಅವನ ತಲೆಗೇ ಬಂತು. ವಕೀಲರು ಪುಸ್ತಕವನ್ನು ಕಿಟಕಿಯಲ್ಲಿ ಇಡುವರು, ಇವನು ತೆಗೆದುಕೊಳ್ಳುವನು. ಹೀಗಾಗಿ ಆ ಪುಸ್ತಕಗಳನ್ನು ಕೊನೆಯ ಪುಟದವರೆಗೆ ಓದಿದವನು ಅವನೊಬ್ಬನೇ. ಗ್ರೀಸಿನ ಒಬ್ಬ ಮಹಾಪಂಡಿತ, ಕೆಲವರು ಹುಟ್ಟುವುದೇ ಆಳುಗಳಾಗಿ, ಅದು ಪ್ರಕೃತಿಯ ಏರ್ಪಾಡು ಎಂದು ಬರೆದಿದ್ದ ಪುಟ ಬಂತು. ಸುಂಕಣ್ಣ ಅದನ್ನು ಮೂರು ಸಲ ಓದಿದ. ಮೈ ಉರಿದುಹೋಯಿತು. ಇದಕ್ಕೆ ವಕೀಲರು ಏನು ಹೇಳುತ್ತಾರೆ ನೋಡೋಣ ಎಂದು ಭಾನುವಾರಕ್ಕೆ ಕಾದ. ವಕೀಲರು ಆ ಪುಟಕ್ಕೆ ಬಂದಾಗ ಕನ್ನಡಕ ಸರಿಮಾಡಿಕೊಂಡು, “ಇದು ಬಿಡ್ರಿ, ಆಗಿನ ಕಾಲದ್ದು, ಈಗ ನಮಗ್ಯಾಕ” ಎಂದು ಹಾಳೆ ಮಗುಚಿದರು. ಯಾರೂ ಏನೂ ಕೇಳಲಿಲ್ಲ.

ಅವತ್ತು ಮನೆಗೆ ಬಂದು ಹೆಂಡತಿ ಹಂಪಮ್ಮನ ಮುಂದೆ ಕೂಗಾಡಿದ. ಹಂಪಮ್ಮ ಕೌಲ್‌ಬಜಾರಿನ ಆಚೆ ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದರೆ ತಲೆ, ಹುಬ್ಬು ಎಲ್ಲ ಹತ್ತಿಯ ಎಳೆಗಳಿಂದ ಬೆಳ್ಳಗಿರುತ್ತಿತ್ತು.

“ಎರಡು ಸಾವಿರ ವರ್ಷದ ಹಿಂದಿನಂವ ಬೈದಿದ್ದಕ್ಕ ಇಷ್ಟು ಸಿಟ್ಟು ಬಂತು ನಿನಗ” ಎಂದಳು ಅವಳು ತಲೆ ಕೊಡವಿಕೊಳ್ಳುತ್ತ. “ಇವತ್ತಿನಂವ ಹೊರಗ ಕುಂದ್ರಿಸಿದ್ದಕ್ಕ ಯಾಕ ಬರಂಗಿಲ್ಲ?”

“ಪತ್ರ ಬೇಕಲ್ಲೇ” ಎಂದ ಸುಂಕಣ್ಣ.

“ಹಂಗಾರ ಸುಮ್ನ ಬರಿ. ನನ್ನ ಮುಂದ ಒದರಬ್ಯಾಡ.”

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಪುಸ್ತಕ ಮಾತ್ರ ಮುಗಿಯಲಿಲ್ಲ. ೧೯೪೯ರ ದಸರೆಯ ಹೊತ್ತಿಗೆ ಹನ್ನೊಂದು ಅಧ್ಯಾಯ ಆಗಿದ್ದವು. ಉಳಿದದ್ದು ಹನ್ನೆರಡನೆಯದು, ‘ತತ್ವಶಾಸ್ತ್ರದ ಚರಿತ್ರೆಯಿಂದ ಇಂದಿನವರಿಗೆ ಏನು ಪ್ರಯೋಜನ’ ಎಂಬುದು. ಅಷ್ಟರಲ್ಲಿ ವಕೀಲರಿಗೆ ತತ್ವಶಾಸ್ತ್ರ ಸಾಕಾಗಿ ರಾಜಕೀಯ ಹಿಡಿದಿತ್ತು. ಖಾದಿ ಹೊಲಿಸಿಕೊಂಡಿದ್ದರು. ಭಾನುವಾರ ಬಂದರೆ ಆಗ ಬಳ್ಳಾರಿಯನ್ನು ಆಳುತ್ತಿದ್ದ ಮದ್ರಾಸ್ ಸರ್ಕಾರದಲ್ಲಿ ಯಾರು ಯಾರ ಕಾಲೆಳೆಯುತ್ತಿದ್ದಾರೆ ಎಂಬುದೇ ಮಾತು. ಸುಂಕಣ್ಣ ಖಾಲಿ ಹಾಳೆ ಇಟ್ಟುಕೊಂಡು ಬಿಸಿಲಲ್ಲಿ ಕೂತು ಕೂತು ಎದ್ದುಹೋಗುತ್ತಿದ್ದ. ಸಿರುಗುಪ್ಪದ ಶಾಲೆಯೊಂದರಲ್ಲಿ ಮೇಷ್ಟ್ರ ಜಾಗ ಖಾಲಿಯಾಗಿದೆ ಎಂದು ಸುದ್ದಿ ಬಂದಾಗ ತಡೆಯಲಾರದೆ ಕಿಟಕಿಯ ಹತ್ತಿರ ನಿಂತು ಕೇಳಿಯೇಬಿಟ್ಟ.

“ವಕೀಲ್ರ, ಹನ್ನೆರಡನೇದು ಯಾವಾಗ ಹೇಳ್ತೀರಿ?”

“ಅಯ್ಯ, ಅದೊಂದು ಉಳಿದೈತಲ್ಲ. ಲೇ ಸುಂಕಾ, ಅದನ್ನ ನೀನೇ ಬರ್ದು ಹಚ್ಚಿಬಿಡು. ಹಿಂದಿಂದೆಲ್ಲ ನಿನಗ ಗೊತ್ತೈತಿ. ನಾಕು ಒಳ್ಳೆ ಮಾತು ಹಾಕು, ಸಾಕು. ಜನವರಿ ಇಪ್ಪತ್ತಾರಕ್ಕ ಹೊಸ ಸಂವಿಧಾನ ಬರ್ತೈತಿ, ಅವತ್ತ ಬಿಡುಗಡೆ ಇಟ್ಕೊಳ್ಳೋಣು. ಅವತ್ತ ನಿನ್ನ ಪತ್ರಾನೂ ಕೊಡ್ತೀನಿ.”

ನಾಲ್ಕು ಒಳ್ಳೆಯ ಮಾತು ಬರೆಯಲು ಸುಂಕಣ್ಣ ಕೂತ. ಎರಡು ದಿನ ಒಳ್ಳೆಯ ಮಾತನ್ನೇ ಬರೆದ. ಓದಿ ನೋಡಿದರೆ ತನಗೇ ವಾಕರಿಕೆ ಬಂತು. ವಕೀಲರ ಉಪನ್ಯಾಸದ ವಾಸನೆ ಹೊಡೆಯುತ್ತಿತ್ತು. ಹರಿದು ಎಸೆದ. ಮೂರನೆಯ ದಿನ ಕೂತವನು ಏಳಲಿಲ್ಲ. ಹೀಗೆ ಬರೆದ:

“ಗ್ರೀಸಿನ ಮೊದಲ ತತ್ವಜ್ಞಾನಿ ಸಕಲಕ್ಕೂ ನೀರೇ ಮೂಲ ಎಂದ. ಇಷ್ಟು ದೊಡ್ಡ ಮಾತು ಹೇಳಿ ಅವನಿಗೆ ಬಾಯಾರಿರಬೇಕು. ಅವನ ಮನೆಯ ಗಡಿಗೆಗೆ ನೀರು ಹೊತ್ತು ತಂದವರು ಯಾರೆಂದು ಚರಿತ್ರೆ ಬರೆದಿಲ್ಲ. ಅಂದಿನಿಂದ ಇಂದಿನವರೆಗೆ ಒಳಗೆ ಕೂತವರು ಮನುಷ್ಯನೆಂದರೆ ಯಾರು ಎಂದು ಚರ್ಚಿಸುತ್ತ ಬಂದಿದ್ದಾರೆ. ಹೊರಗೆ ಕೂತವನನ್ನು ಒಮ್ಮೆ ಒಳಗೆ ಕರೆದಿದ್ದರೆ ಆ ಚರ್ಚೆ ಎಂದೋ ಮುಗಿಯುತ್ತಿತ್ತು. ನಮ್ಮ ಊರಿನಲ್ಲಿಯೂ ಒಬ್ಬ ಪಂಡಿತನಿದ್ದಾನೆ. ಎಲ್ಲರಲ್ಲಿಯೂ ಇರುವ ಆತ್ಮ ಒಂದೇ ಎನ್ನುತ್ತಾನೆ. ಆ ಮಾತನ್ನು ಬರೆದುಕೊಳ್ಳುವವನು ಕಿಟಕಿಯ ಆಚೆ ಬಿಸಿಲಿನಲ್ಲಿದ್ದಾನೆ. ಪಂಡಿತನಿಗೆ ಇದರಲ್ಲಿ ಯಾವ ವಿರೋಧವೂ ಕಂಡಿಲ್ಲ. ಅವನಿಗೆ ತರ್ಕಶಾಸ್ತ್ರ ಚೆನ್ನಾಗಿ ಗೊತ್ತು...”

ಹಾಗೆ ಇಪ್ಪತ್ತು ಪುಟ. ವಕೀಲರು ಹಸ್ತಪ್ರತಿಯನ್ನು ಕೈಯಲ್ಲಿ ತೂಗಿ ನೋಡಿ, ದಪ್ಪ ಸರಿಯಾಗಿದೆ ಎಂದು ಅಚ್ಚಿಗೆ ಕಳಿಸಿದರು. ಕರಡು ತಿದ್ದುವ ಕೆಲಸವೂ ಸುಂಕಣ್ಣನದೇ. ಆ ಇಪ್ಪತ್ತು ಪುಟ ಮುಂದಿಟ್ಟುಕೊಂಡು ಅವನು ಲೆಕ್ಕ ಹಾಕಿದ. ಒಂದು ಗೀಟು ಎಳೆದರೆ ಪಂಡಿತನೂ ಹೋಗುತ್ತಾನೆ, ಕಿಟಕಿಯೂ ಹೋಗುತ್ತದೆ, ಪತ್ರ ಭದ್ರ. ಗೀಟು ಎಳೆಯದಿದ್ದರೆ ಏಳು ವರ್ಷದ ಬಿಸಿಲು ನೀರುಪಾಲು. ಮೂರು ಸಲ ಪೆನ್ನು ಎತ್ತಿ ಮೂರು ಸಲ ಇಟ್ಟ. ಕೊನೆಗೆ ಒಂದು ಅಲ್ಪವಿರಾಮ ಮಾತ್ರ ತಿದ್ದಿ ಕಳಿಸಿದ. ಪತ್ರದ ಆಸೆಗಿಂತ ಅವರ ಮೇಲಿದ್ದ ತಿರಸ್ಕಾರ ದೊಡ್ಡದಾಗಿತ್ತು.

ಜನವರಿ ಇಪ್ಪತ್ತಾರು ಬಂತು. ಕೋಣೆಗೆ ತಳಿರುತೋರಣ, ಮೇಜಿನ ಮೇಲೆ ಪುಸ್ತಕದ ರಾಶಿ. ಸುಂಕಣ್ಣ ಕಿಟಕಿಯ ಹೊರಗೆ, ಅವನ ಹಿಂದೆ ಕಾಂಪೌಂಡಿನ ಹತ್ತಿರ ಮಿಲ್ಲಿಗೆ ರಜೆ ಹಾಕಿ ಬಂದಿದ್ದ ಹಂಪಮ್ಮ. ಧಾರವಾಡದ ಕಡೆಯಿಂದ ಬಂದಿದ್ದ ಅತಿಥಿಯೊಬ್ಬರು, “ಗ್ರಂಥಕರ್ತರು ಕೊನೆಯ ಅಧ್ಯಾಯವನ್ನು ಸ್ವಲ್ಪ ಓದಬೇಕು” ಎಂದರು. ಸುಂಕಣ್ಣ ಕಿಟಕಿಯ ಸರಳು ಹಿಡಿದುಕೊಂಡ. ವಕೀಲರು ಎದ್ದು ಗಂಟಲು ಸರಿಮಾಡಿಕೊಂಡು, ಅಲ್ಲಿಯತನಕ ಕಣ್ಣಿನಿಂದಲೂ ನೋಡದ ಆ ಪುಟಗಳನ್ನು ಗಟ್ಟಿ ದನಿಯಲ್ಲಿ ಓದತೊಡಗಿದರು.

ಓದಿದರು. ನೀರು ಹೊತ್ತವರ ಬಗ್ಗೆ ಓದಿದರು, ಹೊರಗೆ ಕೂತವನ ಬಗ್ಗೆ ಓದಿದರು. ನಮ್ಮ ಊರಿನ ಪಂಡಿತನ ಜಾಗ ಬಂದಾಗ ದನಿ ಏರಿಸಿ, ಬೆರಳು ಆಡಿಸಿ, ಕೋರ್ಟಿನಲ್ಲಿ ಎದುರು ಪಕ್ಷದವನನ್ನು ಝಾಡಿಸುವ ಹಾಗೆ ಝಾಡಿಸಿದರು. ತಹಶೀಲ್ದಾರರು “ಆಹಾ” ಎಂದರು. ಹತ್ತಿ ವ್ಯಾಪಾರಿ ಪಕ್ಕದವನ ತೊಡೆ ತಟ್ಟಿ, “ಯಾವನೋ ಆ ಪಂಡಿತ, ಸರಿಯಾಗಿ ಜಾಡಿಸ್ಯಾರ ನೋಡು” ಎಂದ. ಕಿಟಕಿ ಅಲ್ಲೇ ಇತ್ತು. ಬರೆದುಕೊಳ್ಳುವವನು ಅಲ್ಲೇ ಇದ್ದ, ಬಿಸಿಲೂ ಅಲ್ಲೇ ಇತ್ತು. ಆ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ. ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ವಕೀಲರು ಹಾರದ ಸಮೇತ ಕಿಟಕಿಗೆ ಬಂದು ಮಡಚಿದ ಕಾಗದವನ್ನು ಸರಳುಗಳ ಮಧ್ಯೆ ತೂರಿಸಿದರು. “ತಗೋ, ಹೇಳಿದಂಗ ಕೊಟ್ಟೀನಿ” ಎಂದರು. ಅದರಲ್ಲಿ ಈತ ವಿಧೇಯನು, ಈತನ ಅಕ್ಷರಗಳು ದುಂಡಗಿವೆ ಎಂದು ಬರೆದಿತ್ತು. ಇಪ್ಪತ್ತು ಪುಟ ಬೈದದ್ದಕ್ಕೆ ಸಿಕ್ಕ ಉತ್ತರ ಅಷ್ಟೇ. ಚಪ್ಪಲಿಯಲ್ಲಿ ಹೊಡೆದಿದ್ದರೆ ಸುಂಕಣ್ಣನಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವನು ಒಳಗಿದ್ದವರನ್ನು ಬಾಯಿಗೆ ಬಂದ ಹಾಗೆ ಬೈದ. ಕಿವುಡರು, ದನಗಳು, ತಿಂಡಿಪೋತರು. ಹಂಪಮ್ಮ ಕೌಲ್‌ಬಜಾರು ದಾಟುವವರೆಗೆ ಕೇಳಿ, ನಡುರಸ್ತೆಯಲ್ಲಿ ನಿಂತಳು.

“ಅವರು ದನ ಅಂತ ನನಗೂ ಗೊತ್ತೈತಿ. ನೀ ಯಾರು? ಬರ್ದಾಂವ ನೀನು, ತಗೊಂಡು ಹೋಗಿ ಅವನ ಬಾಯಾಗ ಇಟ್ಟಿ. ಅವನ ಬಾಯಿಂದ ಬಂದ ಮ್ಯಾಲೆ ಅದು ಅವಂದ ಮಾತಾತು. ನಿನಗ ಬಾಯಿ ಇದ್ದಿಲ್ಲೇನು?”

ಸುಂಕಣ್ಣ ಅವಳ ಮೇಲೆ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ. ಅವಳು ಹೇಳಿದ್ದು ನಿಜವಾಗಿದ್ದರಿಂದಲೇ ಸಿಟ್ಟು ಬಂದಿದ್ದು.

ಮಳೆಗಾಲಕ್ಕೆ ಸಿರುಗುಪ್ಪದ ಶಾಲೆಯಲ್ಲಿ ಕೆಲಸ ಸಿಕ್ಕಿತು, ತಾತ್ಕಾಲಿಕ ಎಂದು. ಒಂದೂವರೆ ವರ್ಷ ಕಲಿಸಿದ. ಮಕ್ಕಳಿಗೆ ಮಗ್ಗಿ ಹೇಳಿಕೊಡುವುದರ ಜೊತೆಗೆ, ಯಾರು ಏನು ಹೇಳಿದರೂ ಯಾಕೆ ಎಂದು ಕೇಳಬೇಕು ಎಂದೂ ಹೇಳಿಕೊಟ್ಟ; ಅದರಿಂದ ಹೆಡ್ಮಾಸ್ತರಿಗೆ ತಲೆನೋವಾಯಿತು. ಖಾಯಂ ಆರ್ಡರು ಬರಬೇಕಿತ್ತು. ಅದು ಯಾರ ಒಂದು ಮಾತಿನ ಮೇಲೆ ನಿಂತಿದೆ ಎಂದು ಸಿರುಗುಪ್ಪದಲ್ಲಿ ಎಲ್ಲರಿಗೂ ಗೊತ್ತಿತ್ತು. ಮತ್ತೆ ಅದೇ ತಿಪ್ಪೇರುದ್ರಪ್ಪನವರು.

ಅವರ ಪುಸ್ತಕಕ್ಕೆ ಅಷ್ಟರಲ್ಲಿ ಹೆಸರು ಬಂದಿತ್ತು. ಹೆಸರೆಲ್ಲ ಹನ್ನೆರಡನೆಯ ಅಧ್ಯಾಯಕ್ಕೆ. ಪತ್ರಿಕೆಯವರು ಹೊಗಳಿದರು, ಪರ ಊರಿನವರು ಕರೆದು ಶಾಲು ಹೊದಿಸಿದರು. ಹೊಗಳಿಕೆ ಕೇಳಿ ಕೇಳಿ ವಕೀಲರು ಕೊನೆಗೂ ಅದನ್ನು ಓದಿ ಅರ್ಥಮಾಡಿಕೊಂಡಿರಬೇಕು. ನಾಚಿಕೆ ಇದ್ದವನಾದರೆ ಮುಖ ಮುಚ್ಚಿಕೊಳ್ಳುತ್ತಿದ್ದ. ಇವರು ಅದನ್ನೂ ಉಪಯೋಗಕ್ಕೆ ತಂದರು. “ಆ ಪಂಡಿತ ಬೇರೆ ಯಾರೂ ಅಲ್ಲ, ನಾನೇ! ನನ್ನ ತಪ್ಪನ್ನು ನಾನೇ ಬರೆದುಕೊಂಡಿದ್ದೇನೆ” ಎಂದು ವೇದಿಕೆ ವೇದಿಕೆಯಲ್ಲಿ ಎದೆ ಮುಟ್ಟಿಕೊಂಡು ಹೇಳತೊಡಗಿದರು. ಜನ ಕಣ್ಣೊರೆಸಿಕೊಂಡರು.

೧೯೫೨ರ ಜನವರಿಗೆ ಚುನಾವಣೆ. ಮೊಟ್ಟಮೊದಲ ಸಲ ಕೇರಿಯವರಿಗೂ ಎಲ್ಲರಿಗೂ ಓಟು. ಸ್ವತಂತ್ರ ಅಭ್ಯರ್ಥಿಯಾಗಿ ನಿಂತಿದ್ದ ವಕೀಲರು ಕುರುಗೋಡಿನ ಕೇರಿಗೆ ಕಾರಿನಲ್ಲಿ ಬಂದಿಳಿದರು, ಬಗಲಲ್ಲಿ ಗುಮಾಸ್ತ ವಿರೂಪಾಕ್ಷಪ್ಪ, ಕೈಯಲ್ಲಿ ಪುಸ್ತಕ. ಮಧ್ಯಾಹ್ನದ ಹೊತ್ತು. ಬೇವಿನ ಮರದ ಕೆಳಗೆ ಇಡೀ ಕೇರಿ ಕೂತಿತ್ತು. ರಜೆಗೆ ಊರಿಗೆ ಬಂದಿದ್ದ ಸುಂಕಣ್ಣನೂ ಹಂಪಮ್ಮನೂ ಅಲ್ಲೇ ಇದ್ದರು. ವಕೀಲರ ಕಣ್ಣು ಅವನ ಮೇಲೆ ಎರಡು ಸಲ ಹಾದುಹೋಯಿತು, ನಿಲ್ಲಲಿಲ್ಲ.

ವಕೀಲರು ಹನ್ನೆರಡನೆಯ ಅಧ್ಯಾಯ ತೆರೆದರು. ಈಗ ಯಾವ ಸಾಲಿಗೆ ದನಿ ನಡುಗಿಸಬೇಕು ಎಂಬುದೆಲ್ಲ ರೂಢಿಯಾಗಿತ್ತು. “ಅವನ ಮನೆಯ ಗಡಿಗೆಗೆ ನೀರು ಹೊತ್ತು ತಂದವರು ಯಾರೆಂದು ಚರಿತ್ರೆ ಬರೆದಿಲ್ಲ” ಎಂದು ಮೇಲಿನ ದನಿಯಲ್ಲಿ ಹೇಳುವಾಗ ಬೆಳಗಿನಿಂದ ಐದು ಊರಲ್ಲಿ ಅರಚಿದ್ದ ಗಂಟಲು ಕಟ್ಟಿಕೊಂಡಿತು. ಕೆಮ್ಮಿದರು. ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು.

ಕೇರಿಯ ಹಿರಿಯ ಉಚ್ಚೆಂಗೆಪ್ಪ, “ಸಾಹೇಬ್ರಿಗೆ ನೀರು ತರ್ರಿ” ಎಂದ. ಹಂಪಮ್ಮ ಎದ್ದು ಹೋಗಿ ಬೆಳಗಿದ ಹಿತ್ತಾಳೆ ಚಂಬಿನ ತುಂಬ ನೀರು ತಂದು ಮುಂದೆ ಹಿಡಿದಳು. ವಕೀಲರು ಚಂಬು ನೋಡಿದರು, ಅವಳ ಕೈ ನೋಡಿದರು.

“ಇರ್ಲಿ ಇರ್ಲಿ ತಂಗಿ” ಎಂದರು ಕೆಮ್ಮುತ್ತಲೇ. “ನನಗ ಡಾಕ್ಟ್ರು ಕಾಸಿದ ನೀರ ಕುಡೀಬೇಕಂತ ಹೇಳ್ಯಾರ.” ಗುಮಾಸ್ತನ ಕಡೆ ಕಣ್ಣು ಮಾಡಿದರು. ವಿರೂಪಾಕ್ಷಪ್ಪ ಕಾರು ಹತ್ತಿದ. ಕಾರು ಧೂಳೆಬ್ಬಿಸಿಕೊಂಡು ಮೇಲಿನ ಓಣಿಯ ಕಡೆ ಹೋಯಿತು, ಮೇಲುಜಾತಿಯವರ ಮನೆಯಿಂದ ನೀರು ತರಲಿಕ್ಕೆ. ಗಂಟಲು ಒಣಗಿದ ವಕೀಲರು ಪುಸ್ತಕ ಹಿಡಿದು ನಿಂತರು. ಹಂಪಮ್ಮ ಚಂಬು ಹಿಡಿದು ನಿಂತಳು. ಮುನ್ನೂರು ಜನ ಕಾರು ಹೋದ ದಾರಿ ನೋಡಿದರು.

ಸುಂಕಣ್ಣ ಹೆಂಡತಿಯನ್ನು ನೋಡಿದ. ಖಾಯಂ ಆರ್ಡರು ಕಣ್ಣ ಮುಂದೆ ಬಂತು, ಸಿರುಗುಪ್ಪದ ಮಕ್ಕಳು ಬಂದರು. ಆ ಆರ್ಡರು ಮುಂದೆ ಬರಲೇ ಇಲ್ಲ, ಒಂದು ತಿಂಗಳಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದ. ಅದನ್ನು ಇಲ್ಲೇ ಹೇಳಿಬಿಡುವುದು ಮೇಲು. ಅದು ಹಾಗಾಗುತ್ತದೆ ಎಂದು ಗೊತ್ತಿದ್ದೇ ಅವನು ಎದ್ದು ನಿಂತ. ಕೈಯಲ್ಲಿ ಪುಸ್ತಕವಿರಲಿಲ್ಲ.

“ಅಂದಿನಿಂದ ಇಂದಿನವರೆಗೆ ಒಳಗೆ ಕೂತವರು ಮನುಷ್ಯನೆಂದರೆ ಯಾರು ಎಂದು ಚರ್ಚಿಸುತ್ತ ಬಂದಿದ್ದಾರೆ” ಎಂದು ವಕೀಲರು ನಿಲ್ಲಿಸಿದ ಕಡೆಯಿಂದ ಶುರುಮಾಡಿದ. ಪಂಡಿತನ ಮಾತು ಹೇಳಿದ, ಕಿಟಕಿಯ ಮಾತು ಹೇಳಿದ. ವಕೀಲರು ಗಾಬರಿಯಿಂದ ಪುಟದ ಮೇಲೆ ಬೆರಳಿಟ್ಟು ಸಾಲು ಹುಡುಕಿದರು. ಪ್ರತಿ ಸಾಲೂ ಅಲ್ಲೇ ಇತ್ತು. ಇವನು ಮುಂದೆ ಮುಂದೆ ಹೋಗುತ್ತಿದ್ದ, ಅವರ ಬೆರಳು ಹಿಂದೆ ಹಿಂದೆ ಓಡುತ್ತಿತ್ತು. “ಒಂದೊಂದು ಕಾಲದ ಜ್ಞಾನಿಗಳು ಯಾವ ಪ್ರಶ್ನೆಯನ್ನು ಕೇಳದೆ ಬಿಟ್ಟರು ಎಂದು ತಿಳಿಯಲು ಚರಿತ್ರೆ ಓದಬೇಕು. ಅವರು ಕೇಳದೆ ಬಿಟ್ಟ ಪ್ರಶ್ನೆ ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಬಾಗಿಲಲ್ಲೇ ನಿಂತಿರುತ್ತದೆ.”

“ಇದನ್ನ ಬರ್ದಾಂವ ನಾನು” ಎಂದ ಆಮೇಲೆ, ಪುಸ್ತಕದ ಕನ್ನಡ ಬಿಟ್ಟು. “ಏಳು ವರ್ಷ ಇವರ ಕಿಟಕಿ ಹೊರಗ ಕುಂತಾಂವನೂ ನಾನು.”

ಉಚ್ಚೆಂಗೆಪ್ಪ ನಿಧಾನವಾಗಿ ವಕೀಲರ ಕಡೆ ತಿರುಗಿದ. “ಸಾಹೇಬ್ರ, ಈಗ ನೀವು ಪುಸ್ತಕ ಮುಚ್ಚಿ ಮುಂದಿಂದು ಹೇಳ್ರಿ, ಕೇಳೋಣು.”

ವಕೀಲರು ಬಾಯಿ ತೆರೆದರು. ಬಂದದ್ದು ಕೆಮ್ಮು ಮಾತ್ರ. ಅಷ್ಟರಲ್ಲಿ ಕಾರು ಬಂತು. ವಿರೂಪಾಕ್ಷಪ್ಪ ಮುಚ್ಚಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜನರನ್ನು ಸರಿಸಿಕೊಂಡು ಓಡೋಡಿ ಬಂದು ಕೊಟ್ಟ. ವಕೀಲರು ಅದನ್ನು ಹಿಡಿದುಕೊಂಡು ಕುಡಿಯಲೋ ಬೇಡವೋ ಎಂದು ಅತ್ತ ಇತ್ತ ನೋಡಿದರು.

“ಕುಡೀರಿ ಯಜಮಾನ್ರ” ಎಂದಳು ಹಂಪಮ್ಮ, ತುಂಬಿದ ಚಂಬು ಇನ್ನೂ ಕೈಯಲ್ಲೇ ಇತ್ತು. “ಪಾಪ, ಭಾಳ ದೂರದಿಂದ ಬಂದೈತಿ.”

ಬಾಯಾರಿಕೆ ದೊಡ್ಡದು. ವಕೀಲರು ತಂಬಿಗೆ ಎತ್ತಿ ಗಟಗಟ ಕುಡಿದರು. ಅದು ಖಾಲಿಯಾಗುವವರೆಗೆ ಇಡೀ ಕೇರಿ ಕಣ್ಣು ಕೀಳದೆ ನೋಡಿತು.